ಬಾಂಬ್ ಬಿತ್ತು, ಗುರಿ ಒಡೆಯಿತು, ಕೆಲಸ ಆಯ್ತಾ? ಜಂಟಿ ವಾಯು ಕಾರ್ಯಾಚರಣೆಯ ಯೋಜನೆ ಮತ್ತು ಅಳತೆ

ಕಡತಪ್ರಿಯ
ಜಂಟಿ ವಾಯು ಕಾರ್ಯಾಚರಣೆಗಳ ಬಗ್ಗೆ ಸ್ವಲ್ಪ ದಿನದಿಂದ ಓದುತ್ತಿದ್ದೇನೆ. ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಒಂದೇ ಆಕಾಶವನ್ನು ಬಳಸುವಾಗ ಯೋಜನೆ ಯಾರು ಮಾಡುತ್ತಾರೆ ಅನ್ನುವುದು ಒಂದು ಪ್ರಶ್ನೆ. ಅದು ಫಲ ಕೊಟ್ಟಿತಾ ಅಂತ ನೋಡುವುದು ಹೇಗೆ ಅನ್ನುವುದು ಇನ್ನೊಂದು. ಮೊದಲನೆಯದರ ಬಗ್ಗೆ ರಾಶಿ ಬರಹ ಸಿಗುತ್ತದೆ. ಎರಡನೆಯದಕ್ಕೆ ಬಂದ ಕೂಡಲೇ ಎಲ್ಲರೂ ಇಷ್ಟು ಸಾರ್ಟಿ (ಒಂದು ವಿಮಾನದ ಒಂದು ಹಾರಾಟ) ಹಾರಿದವು, ಇಷ್ಟು ಟನ್ ಬಾಂಬ್ ಬಿತ್ತು ಅಂತ ಹೇಳಿ ಜಾರಿಕೊಳ್ಳುತ್ತಾರೆ.

ನನ್ನ ಅನುಮಾನ ಇಷ್ಟೇ. ಏನನ್ನು ಅಳೆಯಬೇಕು ಅಂತ ಮೊದಲೇ ಬರೆದಿಡದಿದ್ದರೆ, ಆಮೇಲೆ ಎಣಿಸಲು ಸುಲಭವಾದದ್ದನ್ನೇ ಎಣಿಸಿಕೊಂಡು ಕೂರುತ್ತಾರೆ ಅಲ್ವಾ? ತಿಳಿದವರು ಹೇಳಿ.

ರೇಡಿಯೋ_ರೂಮು
ಮೊದಲು ಯಂತ್ರ ಹೇಗೆ ತಿರುಗುತ್ತದೆ ಅಂತ ಹೇಳಿಬಿಡುತ್ತೇನೆ, ಚರ್ಚೆ ಆಮೇಲೆ.

ಅಮೆರಿಕ ಮತ್ತು ನೇಟೋ ಪದ್ಧತಿಯಲ್ಲಿ ಜಂಟಿ ಕಮಾಂಡರ್ ಕೆಳಗೆ ವಾಯು ವಿಭಾಗಕ್ಕೆ ಒಬ್ಬನೇ ಕಮಾಂಡರ್ ಇರುತ್ತಾನೆ. ವಿಮಾನ ಯಾವ ಪಡೆಯದ್ದಾದರೂ ಸರಿ, ಜಂಟಿ ಕೆಲಸಕ್ಕೆ ಒಪ್ಪಿಸಿದ ಮೇಲೆ ಅದರ ದಿನದ ಕೆಲಸ ಹೇಳುವವನು ಅವನು. ದಿನದ ಆದೇಶಕ್ಕೆ ಏರ್ ಟಾಸ್ಕಿಂಗ್ ಆರ್ಡರ್ ಅನ್ನುತ್ತಾರೆ, ಎಟಿಒ ಅಂತ ಚಿಕ್ಕದಾಗಿ. ಯಾವ ವಿಮಾನ, ಎಷ್ಟು ಹೊತ್ತಿಗೆ, ಯಾವ ಬಾಂಬ್ ಹೊತ್ತು, ಯಾವ ಗುರಿಗೆ, ಗಾಳಿಯಲ್ಲಿ ಇಂಧನ ಎಲ್ಲಿ ತುಂಬಿಸಿಕೊಳ್ಳಬೇಕು, ಯಾವ ಕೋಡ್ ಹಾಕಬೇಕು, ಎಲ್ಲ ಅದರಲ್ಲಿರುತ್ತದೆ.

ಈ ಆದೇಶ ಒಂದು ರಾತ್ರಿಯಲ್ಲಿ ಹುಟ್ಟುವುದಿಲ್ಲ. ಸಾಮಾನ್ಯವಾಗಿ 72 ಗಂಟೆಯ ಸುತ್ತು. ಎರಡು ದಿನ ತಯಾರಿ, ಮೂರನೇ ದಿನ ಹಾರಾಟ. ಕಮಾಂಡರ್ ಏನು ಬೇಕು ಅಂತ ಹೇಳುತ್ತಾನೆ. ಅದರಿಂದ ಗುರಿಗಳ ಪಟ್ಟಿ ಬರುತ್ತದೆ. ಪಟ್ಟಿಗೆ ವಿಮಾನ, ಬಾಂಬ್, ಬೆಂಗಾವಲು, ರಾಡಾರ್ ಜಾಮರ್, ಟ್ಯಾಂಕರ್ ವಿಮಾನ ಹೊಂದಿಸುತ್ತಾರೆ. ಆಮೇಲೆ ಆದೇಶ, ಹಾರಾಟ, ಕೊನೆಗೆ ಏನಾಯ್ತು ಅಂತ ನೋಡುವುದು. ಅದು ಮುಂದಿನ ಸುತ್ತಿಗೆ ಹೋಗಬೇಕು.

ತೊಡಕು ಇಲ್ಲೇ ಇದೆ. ಯಾವ ಹೊತ್ತಿಗೂ ಮೂರು ಸುತ್ತು ಒಟ್ಟಿಗೆ ಓಡುತ್ತಿರುತ್ತವೆ. ಇವತ್ತಿನ ಫಲಿತಾಂಶ ಮೇಜಿಗೆ ಬರುವಷ್ಟರಲ್ಲಿ ನಾಳೆಯ ಆದೇಶ ಹೊರಟಿರುತ್ತದೆ, ನಾಡಿದ್ದಿನದು ಅರ್ಧ ಆಗಿರುತ್ತದೆ. ಅಳತೆ ತಡವಾದರೆ ಯೋಜನೆ ಅದಕ್ಕಾಗಿ ಕಾಯುವುದಿಲ್ಲ. ಹಳೇ ಊಹೆಯ ಮೇಲೆಯೇ ಮುಂದೆ ಹೋಗುತ್ತದೆ.

1991ರ ಕೊಲ್ಲಿ ಯುದ್ಧದಲ್ಲಿ ಆದೇಶ ನೂರಾರು ಪುಟ ಇರುತ್ತಿತ್ತು. ಅದನ್ನು ನೇರವಾಗಿ ಪಡೆಯುವ ಸಂಪರ್ಕ ವ್ಯವಸ್ಥೆ ಅಮೆರಿಕದ ವಿಮಾನವಾಹಕ ಹಡಗುಗಳಲ್ಲಿ ಇರಲಿಲ್ಲ. ದಿನವೂ ಅದರ ಪ್ರತಿಯನ್ನು ಎಸ್-3 ವಿಮಾನದಲ್ಲಿ ಹಡಗಿಗೆ ಹೊತ್ತೊಯ್ಯುತ್ತಿದ್ದರು. ಜಂಟಿ ಅಂತ ಹೆಸರು, ಆದರೆ ಆದೇಶ ತಲುಪಿಸಲು ಒಂದು ವಿಮಾನವನ್ನೇ ಕಳಿಸಬೇಕು!

ಕಾಲಾಳು
72 ಗಂಟೆ ಅಂತೆ. ಬಂಡೆ ಹಿಂದೆ ಮಲಗಿಕೊಂಡು ಗುಂಡಿನ ಮಳೆಯಲ್ಲಿ ಇರುವವನು ನಾಡಿದ್ದು ಬನ್ನಿ ಸ್ವಾಮಿ ಅನ್ನಬೇಕಾ? ನೆಲದ ಮೇಲಿರುವವರ ಸಿಟ್ಟೆಲ್ಲ ಇದಕ್ಕೇ. ಆಕಾಶದವರಿಗೆ ಪಟ್ಟಿ ಮುಖ್ಯ, ನಮಗೆ ಹೊತ್ತು ಮುಖ್ಯ.

ರೇಡಿಯೋ_ರೂಮು
ಕಾಲಾಳು ಅವರೇ, ಅದಕ್ಕೂ ದಾರಿ ಇದೆ. ಒಂದಷ್ಟು ವಿಮಾನಗಳಿಗೆ ಗುರಿ ಹೇಳದೆ ಹೊತ್ತು ಮತ್ತು ಜಾಗ ಮಾತ್ರ ಕೊಟ್ಟು ಗಾಳಿಯಲ್ಲೇ ಕಾಯಿಸುತ್ತಾರೆ. ಕೆಳಗಿನಿಂದ ಕರೆ ಬಂದರೆ ಹೋಗುತ್ತವೆ. ಆದೇಶದಲ್ಲಿ ಅವೂ ಇರುತ್ತವೆ.

ಆದರೆ ಹೀಗೆ ಕಾಯಿಸಬೇಕು ಅಂತ ಎರಡು ದಿನ ಮೊದಲು ಯಾರೋ ಕೇಳಿರಬೇಕು. 2002ರ ಮಾರ್ಚ್‌ನಲ್ಲಿ ಅಫ್ಘಾನಿಸ್ತಾನದ ಶಾಹಿಕೋಟ್ ಕಣಿವೆಯಲ್ಲಿ ನಡೆದ ಆಪರೇಷನ್ ಅನಕೊಂಡಾ ನೋಡಿ. ಯೋಜನೆ ವಾರಗಟ್ಟಲೆ ನಡೆದಿತ್ತು. ವಾಯು ಕಾರ್ಯಾಚರಣೆ ಕೇಂದ್ರದವರನ್ನು ಸರಿಯಾಗಿ ಒಳಗೆ ಸೇರಿಸಿಕೊಂಡಿದ್ದು ಕೊನೇ ಗಳಿಗೆಯಲ್ಲಿ. ಅಮೆರಿಕದ ಪಡೆ ಫಿರಂಗಿಗಳನ್ನೂ ತಂದಿರಲಿಲ್ಲ, ಮಾರ್ಟರ್ ಮಾತ್ರ. ಕಣಿವೆಯಲ್ಲಿ ಎದುರಾಳಿ ಎಣಿಸಿದ್ದಕ್ಕಿಂತ ಜಾಸ್ತಿ ಇದ್ದ, ಎತ್ತರದಲ್ಲಿದ್ದ. ಸಹಾಯ ಬೇಕು ಅಂತ ಒಂದೇ ಸಲ ಎಲ್ಲ ಕಡೆಯಿಂದ ಕೂಗು. ಮೇಲೆ ಕಿರಿದಾದ ಆಕಾಶದಲ್ಲಿ ವಿಮಾನಗಳು ಒಂದಕ್ಕೊಂದು ಅಡ್ಡ ಬರುವ ಸ್ಥಿತಿ. ಪೈಲಟ್‌ಗಳು ಒದ್ದಾಡಿ ಕೆಲಸ ಮಾಡಿದರು, ಅದು ಬೇರೆ ಮಾತು. ಮೇಜಿನ ಸುತ್ತ ಮೊದಲ ದಿನವೇ ಕೂರಿಸಿದ್ದರೆ ಅಷ್ಟು ಒದ್ದಾಟ ಬೇಕಿರಲಿಲ್ಲ.

ಇತಿಹಾಸದ_ಹುಳು
ಮೇಜಿನ ಸುತ್ತ ಕೂತರೂ ಸಾಲದು. ಎದ್ದು ಹೋಗುವಾಗ ಎಲ್ಲರೂ ಒಂದೇ ಮಾತನ್ನು ಕೇಳಿಸಿಕೊಂಡಿರಬೇಕು. ನನಗೆ ಈ ವಿಷಯ ಬಂದಾಗಲೆಲ್ಲ ನೆನಪಾಗುವುದು 1944ರ ಜುಲೈ, ಫ್ರಾನ್ಸಿನ ನಾರ್ಮಂಡಿ, ಆಪರೇಷನ್ ಕೋಬ್ರಾ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಸೇಂಟ್ ಲೋದಿಂದ ಪೆರಿಯೆ ಕಡೆಗೆ ಒಂದು ನೇರ ರಸ್ತೆ. ಅದರ ದಕ್ಷಿಣಕ್ಕೆ ಜರ್ಮನ್ನರು, ಉತ್ತರಕ್ಕೆ ಅಮೆರಿಕನ್ನರು. ಅಮೆರಿಕದ ನೆಲದ ಪಡೆಯ ಕಮಾಂಡರ್ ಜನರಲ್ ಬ್ರಾಡ್ಲಿಗೆ ರಸ್ತೆಯ ದಕ್ಷಿಣಕ್ಕೆ ಒಂದು ಚೌಕದ ಮೇಲೆ ಭಾರಿ ಬಾಂಬರ್‌ಗಳ ದಾಳಿ ಬೇಕಿತ್ತು. ವಿಮಾನಗಳು ರಸ್ತೆಗೆ ಸಮಾನಾಂತರವಾಗಿ ಬರಲಿ ಅಂದ. ಆಗ ಬಾಂಬ್ ಹಿಂದೆ ಮುಂದೆ ಬಿದ್ದರೂ ತನ್ನವರ ಮೇಲೆ ಬೀಳುವುದಿಲ್ಲ. ವಾಯುಪಡೆಯವರ ಲೆಕ್ಕ ಬೇರೆ. ಸುಮಾರು 1500 ಬಾಂಬರ್‌ಗಳು ಅಷ್ಟು ಕಡಿಮೆ ಹೊತ್ತಿನಲ್ಲಿ ಆ ಚೌಕದ ಕಿರಿದಾದ ಬದಿಯಿಂದ ನುಗ್ಗಲಾರವು. ಹಾಗಾಗಿ ಅಮೆರಿಕನ್ನರ ತಲೆ ಮೇಲಿಂದಲೇ ಅಡ್ಡಲಾಗಿ ಬರಬೇಕು. ಸುರಕ್ಷತೆಗೆ 3000 ಗಜ ಹಿಂದೆ ಸರಿಯಿರಿ ಅಂದರು. ಅಷ್ಟು ಸರಿದರೆ ಜರ್ಮನ್ನರು ಚೇತರಿಸಿಕೊಳ್ಳುವ ಮೊದಲು ಮುಂದೆ ನುಗ್ಗಲು ಆಗುವುದಿಲ್ಲ ಅಂತ ಬ್ರಾಡ್ಲಿ. ಕೊನೆಗೆ ಒಪ್ಪಿಕೊಂಡ ದೂರ ಅದರ ಅರ್ಧವೂ ಇರಲಿಲ್ಲ.

ಜುಲೈ 19ರಂದು ಇಂಗ್ಲೆಂಡಿನಲ್ಲಿ ಸಭೆ ಆಯಿತು. ಬ್ರಾಡ್ಲಿ ಸಮಾನಾಂತರ ದಾರಿಗೇ ಒಪ್ಪಿದ್ದಾರೆ ಅಂದುಕೊಂಡು ಹೊರಟ. ವಾಯುಪಡೆಯವರು ಅಡ್ಡದಾರಿ ಅಂದುಕೊಂಡು ಹೊರಟರು. 24ರಂದು ಮೋಡ ಕವಿದು ದಾಳಿ ರದ್ದಾಯಿತು. ರದ್ದಾದ ಸುದ್ದಿ ಕೆಲವು ವಿಮಾನಗಳಿಗೆ ತಲುಪಲಿಲ್ಲ. ಅವು ಹಾಕಿದ ಬಾಂಬ್ ಅಮೆರಿಕನ್ನರ ಮೇಲೇ ಬಿದ್ದು 25 ಜನ ಸತ್ತರು. ಮರುದಿನ ಮತ್ತೆ ಅದೇ ಅಡ್ಡದಾರಿ. ಗಾಳಿ ದೂಳು ಹೊಗೆಯನ್ನು ರಸ್ತೆಯ ಉತ್ತರಕ್ಕೆ ತಳ್ಳಿತು, ಗುರುತು ಮುಚ್ಚಿಹೋಯಿತು. 111 ಜನ ಸತ್ತರು. ಅವರಲ್ಲಿ ಲೆಫ್ಟಿನೆಂಟ್ ಜನರಲ್ ಮೆಕ್‌ನೇರ್ ಕೂಡ ಒಬ್ಬ.

ಈಗ ಅಳತೆಯ ಭಾಗ. 25ರ ಮಧ್ಯಾಹ್ನ ನೋಡಿದರೆ ಎಲ್ಲವೂ ಹಾಳಾದಂತಿತ್ತು. ಮುಂದೆ ಹೋದ ಪಡೆ ಸ್ವಲ್ಪವೇ ದೂರ ಸಾಗಿತ್ತು, ಜರ್ಮನ್ನರು ಇನ್ನೂ ಗುಂಡು ಹಾರಿಸುತ್ತಿದ್ದರು. ಆದರೆ ಕೋರ್ ಕಮಾಂಡರ್ ಕಾಲಿನ್ಸ್ ಗಮನಿಸಿದ್ದು ಬೇರೆ. ಗುಂಡು ಬರುತ್ತಿದೆ ನಿಜ, ಆದರೆ ಒಬ್ಬರಿಗೊಬ್ಬರು ಹೊಂದಿಕೊಂಡು ಹೋರಾಡುತ್ತಿಲ್ಲ. ಅಲ್ಲೊಂದು ಇಲ್ಲೊಂದು ಗುಂಪು ಮಾತ್ರ. ಹಿಂದಿನ ಸಾಲಿನಿಂದ ಆದೇಶ ಬರುತ್ತಿಲ್ಲ ಅಂತ ಅರ್ಥ ಮಾಡಿಕೊಂಡು ಮರುದಿನ ಟ್ಯಾಂಕ್ ಪಡೆಯನ್ನು ಒಳಗೆ ಬಿಟ್ಟ. ಆ ಸಾಲು ಒಡೆದೇ ಹೋಯಿತು. ಚೌಕದೊಳಗಿದ್ದ ಜರ್ಮನ್ ಟ್ಯಾಂಕ್ ಪಡೆ ಪಾಂಜರ್ ಲೇರ್ ಡಿವಿಷನ್ನಿನ ಕಮಾಂಡರ್ ಬೈಯರ್‌ಲೈನ್, ತನ್ನವರಲ್ಲಿ 70 ಶೇಕಡಾ ಜನ ಸತ್ತಿದ್ದರು, ಗಾಯಗೊಂಡಿದ್ದರು ಅಥವಾ ದಿಕ್ಕೆಟ್ಟಿದ್ದರು ಅಂತ ಆಮೇಲೆ ಹೇಳಿದ್ದಾನೆ. ಕಾಲಿನ್ಸ್‌ಗೆ ಆ ಅಂಕಿ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಲೆಕ್ಕದ_ಮೇಷ್ಟ್ರು
ಹುಳು ಅವರ ಕೊನೆಯ ಪ್ಯಾರಾಕ್ಕೆ ಚಪ್ಪಾಳೆ. ಕಡತಪ್ರಿಯರ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಅಳತೆಯಲ್ಲಿ ಮೂರು ಮೆಟ್ಟಿಲು. ಮೊದಲನೆಯದು, ಗುರಿಗೆ ಏಟು ಬಿತ್ತಾ, ಎಷ್ಟು ಒಡೆಯಿತು. ಎರಡನೆಯದು, ಆ ಗುರಿ ಮಾಡುತ್ತಿದ್ದ ಕೆಲಸ ನಿಂತಿತಾ. ಮೂರನೆಯದು, ಅದು ಸೇರಿದ್ದ ಇಡೀ ವ್ಯವಸ್ಥೆ ಕುಂದಿತಾ. ಚಿತ್ರದಲ್ಲಿ ಕಾಣುವುದು ಮೊದಲನೆಯದು ಮಾತ್ರ. ಚಾವಣಿಯಲ್ಲಿ ಸಣ್ಣ ತೂತು ಕಂಡರೆ, ಒಳಗೆ ಎಲ್ಲ ಸುಟ್ಟಿದೆಯೋ ಏನೂ ಆಗಿಲ್ಲವೋ ಮೇಲಿನಿಂದ ಹೇಳಲು ಆಗುವುದಿಲ್ಲ. ನಿಖರ ಬಾಂಬ್ ಬಂದ ಮೇಲೆ ಈ ಕಷ್ಟ ಜಾಸ್ತಿಯೇ ಆಯಿತು.

ಮೊದಲ ಮೆಟ್ಟಿಲೇ ಎಷ್ಟು ಜಾರುತ್ತದೆ ಅಂತ ತಿಳಿಯಲು 1941ರ ಬಟ್ ವರದಿ ಸಾಕು. ಬ್ರಿಟಿಷ್ ಬಾಂಬರ್ ಪೈಲಟ್‌ಗಳು ಗುರಿ ಹೊಡೆದೆವು ಅಂತ ವರದಿ ಕೊಡುತ್ತಿದ್ದರು. ರಾತ್ರಿ ದಾಳಿಯ ಫೋಟೋಗಳನ್ನು ಕೂತು ನೋಡಿದಾಗ ಗೊತ್ತಾಗಿದ್ದು, ಗುರಿ ಹೊಡೆದೆವು ಅಂದವರಲ್ಲಿ ಮೂವರಲ್ಲಿ ಒಬ್ಬರು ಮಾತ್ರ ಗುರಿಯ ಐದು ಮೈಲಿ ಒಳಗೆ ಬಂದಿದ್ದರು. ಜರ್ಮನಿಯ ಕೈಗಾರಿಕಾ ಜಾಗ ರೂರ್ ಪ್ರದೇಶದ ಮೇಲೆ ಹತ್ತರಲ್ಲಿ ಒಬ್ಬರು. ಸುಳ್ಳು ಹೇಳಿದರು ಅಂತಲ್ಲ. ಕತ್ತಲಲ್ಲಿ ಕೆಳಗೆ ಬೆಂಕಿ ಕಂಡರೆ ಯಾರಿಗೆ ಬೇಕಾದರೂ ಹಾಗೇ ಅನ್ನಿಸುತ್ತದೆ.

ವಿಯೆಟ್ನಾಂ ಯುದ್ಧದಲ್ಲಿ ಉತ್ತರ ವಿಯೆಟ್ನಾಂ ಲಾವೋಸಿನ ಮೂಲಕ ಸಾಮಾನು ಸಾಗಿಸುತ್ತಿದ್ದ ಹೊ ಚಿ ಮಿನ್ ದಾರಿಯಲ್ಲಿ ಇನ್ನೂ ಮಜಾ. ಲಾರಿ ನಾಶದ ಲೆಕ್ಕ ಏರುತ್ತಾ ಹೋಗಿ, ಉತ್ತರ ವಿಯೆಟ್ನಾಂ ಬಳಿ ಇರಬಹುದು ಅಂದುಕೊಂಡ ಒಟ್ಟು ಲಾರಿಗಳನ್ನೂ ಮೀರಿತು. ಬೆಳಿಗ್ಗೆ ಫೋಟೋ ತೆಗೆಯಲು ಹೋದರೆ ಅಷ್ಟು ಲಾರಿಗಳ ಅವಶೇಷ ಕಾಣುತ್ತಿರಲಿಲ್ಲ. ಲಾವೋಸಿನ ಕಾಡಿನಲ್ಲಿ ಲಾರಿ ತಿನ್ನುವ ದೊಡ್ಡ ಪ್ರಾಣಿ ಇದೆ ಅಂತ ಅಲ್ಲಿನವರೇ ತಮಾಷೆ ಮಾಡುತ್ತಿದ್ದರು. ಆದರೂ ಎಣಿಕೆ ನಿಲ್ಲಲಿಲ್ಲ, ಯಾಕೆಂದರೆ ಮೇಲಿನವರು ಕೇಳುತ್ತಿದ್ದದ್ದೇ ಆ ಸಂಖ್ಯೆ.

ಮಿಂಚುಳ್ಳಿ
ಮೇಷ್ಟ್ರೇ, ಎಣಿಕೆಯನ್ನು ಪೂರ್ತಿ ಬೈಯಬೇಡಿ. 1991ರಲ್ಲಿ ಎಣಿಕೆ ಇಲ್ಲದೆ ನಿರ್ಧಾರವೇ ಆಗುತ್ತಿರಲಿಲ್ಲ. ನೆಲದ ದಾಳಿಗೆ ಮೊದಲು ಕುವೈತ್ ಕಡೆಯ ಇರಾಕಿ ಪಡೆಯನ್ನು ಅರ್ಧಕ್ಕೆ ಇಳಿಸಬೇಕು ಅಂತ ಗುರಿ ಇಟ್ಟಿದ್ದರು. ಅದು ಮೊದಲೇ ಬರೆದಿಟ್ಟ ಅಳತೆ. ಕಡತಪ್ರಿಯರು ಕೇಳಿದ್ದು ಅದೇ ಅಲ್ವಾ?

ಲೆಕ್ಕದ_ಮೇಷ್ಟ್ರು
ಬರೆದಿಟ್ಟಿದ್ದರು, ಸರಿ. ಆಮೇಲೆ ಏನಾಯ್ತು ನೋಡಿ. ಅರ್ಧ ಅಂದರೆ ಯಾವುದರ ಅರ್ಧ? ಶುರುವಿನಲ್ಲಿ ಎಷ್ಟಿತ್ತು ಅನ್ನುವುದೇ ಅಂದಾಜು. ಇರಾಕಿ ತುಕಡಿಗಳು ಕಾಗದದ ಮೇಲಿದ್ದಷ್ಟು ತುಂಬಿರಲಿಲ್ಲ. ಎ-10 ಪೈಲಟ್‌ಗಳು ಹೇಳಿದ ಟ್ಯಾಂಕ್‌ಗಳಲ್ಲಿ ಮೂರಕ್ಕೆ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿದರು, ಎಫ್-111 ವೀಡಿಯೋದಲ್ಲಿ ಕಂಡಿದ್ದರಲ್ಲಿ ಅರ್ಧ. ಇಷ್ಟು ಕತ್ತರಿ ಹಾಕಿದ ಮೇಲೂ ವಾಷಿಂಗ್ಟನ್‌ನಲ್ಲಿ ಉಪಗ್ರಹ ಚಿತ್ರ ನೋಡುತ್ತಿದ್ದ ಸಿಐಎ ಲೆಕ್ಕ ತುಂಬಾ ಕೆಳಗಿತ್ತು. ಕಡೆಗೆ ಕಮಾಂಡರ್ ಶ್ವಾರ್ಟ್ಸ್‌ಕಾಫ್ ತನ್ನ ಅಂದಾಜಿನ ಮೇಲೆ ಫೆಬ್ರವರಿ 24ಕ್ಕೆ ನೆಲದ ದಾಳಿ ಶುರು ಮಾಡಿದ. 100 ಗಂಟೆಯಲ್ಲಿ ಮುಗಿಯಿತು. ಸೈನಿಕರು ಗುಂಪು ಗುಂಪಾಗಿ ಶರಣಾದರು. ಹೋರಾಡುವ ಮನಸ್ಸೇ ಇಲ್ಲದವನ ಟ್ಯಾಂಕ್ ಒಡೆದಿದೆಯೋ ಇಲ್ಲವೋ ಅನ್ನುವುದು ಯಾವ ಲೆಕ್ಕ? ಆ ಮನಸ್ಸನ್ನು ಅಳೆಯುವ ಕಾಲಂ ಪಟ್ಟಿಯಲ್ಲಿ ಇರಲಿಲ್ಲ.

ಮಿಂಚುಳ್ಳಿ
ಒಪ್ಪುತ್ತೇನೆ, ಆದರೆ ಅದೇ ಯುದ್ಧದಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಗಳ ಬೇಟೆಗೆ ನಿಮ್ಮ ಮೆಟ್ಟಿಲು ಹಚ್ಚಿ ನೋಡಿ. ಯುದ್ಧದ ನಂತರ ಅಮೆರಿಕದ ವಾಯುಪಡೆಯೇ ಮಾಡಿಸಿದ ದೊಡ್ಡ ಅಧ್ಯಯನಕ್ಕೆ, ಸಂಚಾರಿ ಸ್ಕಡ್ ಲಾಂಚರ್ ಒಂದನ್ನಾದರೂ ವಿಮಾನ ಹೊಡೆದಿದ್ದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಮೊದಲ ಮೆಟ್ಟಿಲಲ್ಲೇ ಸೊನ್ನೆ. ಆದರೆ ಮೊದಲ ವಾರ ದಿನಕ್ಕೆ ಸುಮಾರು ಐದು ಸ್ಕಡ್ ಹಾರುತ್ತಿದ್ದವು, ಆಮೇಲೆ ಆ ಪ್ರಮಾಣ ತುಂಬಾ ಇಳಿಯಿತು. ಮೇಲೆ ಯಾವಾಗಲೂ ವಿಮಾನ ಸುತ್ತುತ್ತಿದ್ದರೆ ಲಾಂಚರ್‌ನವರು ಹೊರಗೆ ಬಂದು ನಿಧಾನವಾಗಿ ತಯಾರಿ ಮಾಡಲು ಆಗುವುದಿಲ್ಲ. ತನ್ನ ಮೇಲೆ ಸ್ಕಡ್ ಬಿದ್ದರೂ ಇಸ್ರೇಲ್ ಯುದ್ಧಕ್ಕೆ ಇಳಿಯಲಿಲ್ಲ. ರಾಜಕೀಯವಾಗಿ ಬೇಕಿದ್ದದ್ದು ಅದೇ. ಇದು ಗೆಲುವಾ ಸೋಲಾ?

ಕಾಲಾಳು
ಫೆಬ್ರವರಿ 25ರ ರಾತ್ರಿ ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಮಲಗಿದ್ದವರನ್ನು ಕೇಳಿ. ಒಂದೇ ಸ್ಕಡ್‌ಗೆ 28 ಸೈನಿಕರು ಹೋದರು.

ಲೆಕ್ಕದ_ಮೇಷ್ಟ್ರು
ಇಬ್ಬರೂ ಸರಿ. ಅದಕ್ಕೇ ಅಳತೆಯನ್ನು ಉದ್ದೇಶಕ್ಕೆ ಕಟ್ಟಿಹಾಕಬೇಕು ಅನ್ನುವುದು. ಲಾಂಚರ್ ನಾಶ ಅಂತ ಬರೆದಿದ್ದರೆ ಸೋಲು. ಇಸ್ರೇಲನ್ನು ಹೊರಗಿಡುವುದು ಅಂತ ಬರೆದಿದ್ದರೆ ಗೆಲುವು. ಆದರೆ ಮಿಂಚುಳ್ಳಿ, ಒಂದು ಎಚ್ಚರ. ಉಡಾವಣೆ ಇಳಿದಿದ್ದು ವಿಮಾನಗಳಿಂದಲೇ ಅಂತ ಹೇಗೆ ಹೇಳುತ್ತೀರಿ? ನೆಲದ ಮೇಲೆ ವಿಶೇಷ ಪಡೆಗಳೂ ಇದ್ದವು. ಇರಾಕ್ ಸ್ಕಡ್‌ಗಳನ್ನು ಉಳಿಸಿಕೊಳ್ಳುತ್ತಿದ್ದಿರಲೂಬಹುದು. ಜಂಟಿ ಕೆಲಸದಲ್ಲಿ ಈ ಜಗಳ ಯಾವತ್ತೂ ಇರುತ್ತದೆ. ಫಲ ಬಂದರೆ ಮೂವರೂ ತಮ್ಮದು ಅನ್ನುತ್ತಾರೆ.

ಇತಿಹಾಸದ_ಹುಳು
ಅದಕ್ಕೂ ಮೊದಲು ವಿಮಾನ ಯಾರದು ಅನ್ನುವ ಜಗಳ ಇದೆ. 1943ರ ಶುರುವಿನಲ್ಲಿ ಟುನೀಷಿಯಾದಲ್ಲಿ ವಿಮಾನಗಳನ್ನು ನೆಲದ ಕಮಾಂಡರ್‌ಗಳಿಗೆ ಹಂಚಿಬಿಟ್ಟಿದ್ದರು. ಒಬ್ಬನ ಮೇಲೆ ದಾಳಿ ಆಗುವಾಗ ಪಕ್ಕದವನ ವಿಮಾನ ಸುಮ್ನೆ ನಿಂತಿರುತ್ತಿತ್ತು. ಆ ಪೆಟ್ಟು ತಿಂದ ಮೇಲೆ ಅದೇ ಜುಲೈನಲ್ಲಿ ಅಮೆರಿಕ ಹೊಸ ಕೈಪಿಡಿ ತಂದಿತು. ನೆಲದ ಪಡೆ, ವಾಯುಪಡೆ ಸರಿಸಮಾನ, ವಿಮಾನಗಳ ಹಿಡಿತ ಒಂದೇ ಕೈಯಲ್ಲಿ ಇರಬೇಕು ಅಂತ.

ಪಾಠ ಕಲಿತರಾ? 1966ರಲ್ಲಿ ಉತ್ತರ ವಿಯೆಟ್ನಾಮನ್ನು ರೂಟ್ ಪ್ಯಾಕೇಜ್ ಅಂತ ಆರು ತುಂಡು ಮಾಡಿ ಹಂಚಿಕೊಂಡರು. ಆರನೆಯದನ್ನು ಮತ್ತೆ ಎರಡು ಮಾಡಿ ಒಂದು ವಾಯುಪಡೆಗೆ, ಒಂದು ನೌಕಾಪಡೆಗೆ. ಡಿಕ್ಕಿ ಆಗದಂತೆ ನೋಡಿಕೊಂಡರು ಅಷ್ಟೇ, ಜಂಟಿ ಯೋಜನೆ ಆಗಲಿಲ್ಲ. ಯಾರ ಸಾರ್ಟಿ ಜಾಸ್ತಿ ಅನ್ನುವ ಪೈಪೋಟಿ ಮಾತ್ರ ಚೆನ್ನಾಗಿ ನಡೆಯಿತು.

ರೇಡಿಯೋ_ರೂಮು
ಇಲ್ಲಿ ಒಂದು ಮಾತು ಸೇರಿಸಲೇಬೇಕು. ಒಂದೇ ಕಮಾಂಡರ್, ಒಂದೇ ಆದೇಶ ಇದ್ದರೂ ಎಲ್ಲರೂ ಅದರೊಳಗೆ ಇದ್ದಾರೆ ಅಂತ ನಂಬಬೇಡಿ. 1994ರ ಏಪ್ರಿಲ್ 14, ಉತ್ತರ ಇರಾಕಿನ ಹಾರಾಟ ನಿಷೇಧ ವಲಯ. ಅಮೆರಿಕದ ಎರಡು ಎಫ್-15ಗಳು ಅಮೆರಿಕದ್ದೇ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳನ್ನು ಹೊಡೆದುರುಳಿಸಿದವು. ಅದರಲ್ಲಿದ್ದ 26 ಜನರೂ ಸತ್ತರು.

ಪದರ ಪದರವಾಗಿ ಬಿಡಿಸಿ ನೋಡಿ. ವಲಯದೊಳಗೆ ಮೊದಲು ಹೋಗುವುದು ಯುದ್ಧವಿಮಾನ ಅಂತ ನಿಯಮ. ಭೂಸೇನೆಯ ಹೆಲಿಕಾಪ್ಟರ್‌ಗಳು ಮೊದಲೇ ಹೋಗುವುದು ರೂಢಿಯಾಗಿತ್ತು. ದಿನದ ಆದೇಶದಲ್ಲಿ ಅವುಗಳ ಹೆಸರು ಸುಮ್ನೆ ಸಾಮಾನ್ಯವಾಗಿ ಇತ್ತು, ಹೊತ್ತು, ದಾರಿ ಇರಲಿಲ್ಲ. ವಲಯದ ಒಳಗೆ ಹಾಕಬೇಕಾದ ಗುರುತಿನ ಕೋಡ್ ಬೇರೆ, ಹೊರಗಿನದು ಬೇರೆ. ಹೆಲಿಕಾಪ್ಟರ್‌ಗಳು ಹೊರಗಿನದರಲ್ಲೇ ಉಳಿದವು. ರೇಡಿಯೋ ಕೂಡ ಬೇರೆ ತರಂಗದಲ್ಲಿ. ಮೇಲಿಂದ ರಾಡಾರ್‌ನಲ್ಲಿ ಆಕಾಶ ನೋಡುತ್ತಿದ್ದ ಅವಾಕ್ಸ್ ವಿಮಾನದವರಿಗೆ ಹೆಲಿಕಾಪ್ಟರ್ ಒಳಗಿರುವುದು ಗೊತ್ತಿತ್ತು, ಆದರೂ ಯಾರೂ ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ಇಂಧನ ಟ್ಯಾಂಕ್ ತೂಗಿಸಿಕೊಂಡಿದ್ದ ಬ್ಲ್ಯಾಕ್ ಹಾಕ್, ವೇಗವಾಗಿ ದಾಟಿಹೋಗುವ ಪೈಲಟ್ ಕಣ್ಣಿಗೆ ಸೋವಿಯತ್ ನಿರ್ಮಿತ ದಾಳಿ ಹೆಲಿಕಾಪ್ಟರ್ ಹೈಂಡ್ ಹಾಗೆ ಕಂಡಿತು.

2019ರ ಫೆಬ್ರವರಿ 27ರಂದು ಬಡಗಾಮ್‌ನಲ್ಲಿ ನಮ್ಮದೇ ಕ್ಷಿಪಣಿ ನಮ್ಮದೇ ಎಂಐ-17 ಹೆಲಿಕಾಪ್ಟರನ್ನು ಹೊಡೆಯಿತಲ್ಲ, ಆರು ವಾಯುಪಡೆ ಸಿಬ್ಬಂದಿ, ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ಅಲ್ಲಿ ಎರಡೂ ಕಡೆ ಒಂದೇ ಪಡೆಯವರು. ಬೇರೆ ಬೇರೆ ಪಡೆ ಇದ್ದಾಗ ಅಪಾಯ ಎಷ್ಟು ಜಾಸ್ತಿ ಅಂತ ನೀವೇ ಯೋಚಿಸಿ.

ಬೆಳ್ಳಿಮೋಡ
ಕಾರ್ಗಿಲ್ ಬಗ್ಗೆ ಯಾರೂ ಮಾತಾಡಲಿಲ್ಲ. 1999ರ ಮೇ 26ಕ್ಕೆ ಆಪರೇಷನ್ ಸಫೇದ್ ಸಾಗರ್ ಶುರು. ಭೂಸೇನೆ ಮೊದಲು ಕೇಳಿದ್ದು ದಾಳಿ ಹೆಲಿಕಾಪ್ಟರ್. ಆ ಎತ್ತರದಲ್ಲಿ ಅವು ಕೆಲಸ ಮಾಡುವುದಿಲ್ಲ ಅಂತ ವಾಯುಪಡೆ. ಮೊದಲ ಮೂರು ದಿನಗಳಲ್ಲಿ ಎರಡು ಯುದ್ಧವಿಮಾನ, ಒಂದು ಎಂಐ-17 ಹೋದವು. ತಕ್ಷಣ ವಿಧಾನ ಬದಲಿಸಿದರು. ಹೆಗಲ ಕ್ಷಿಪಣಿ ಮುಟ್ಟದ ಎತ್ತರದಿಂದ ದಾಳಿ, ಆಮೇಲೆ ಮಿರಾಜ್‌ಗಳು ಬಂದವು. ನನಗೆ ಮುಖ್ಯ ಅನ್ನಿಸುವುದು ಮುಂತೊ ಧಾಲೊ. ಜೂನ್ 17ರಂದು ಅಲ್ಲಿ ಹೊಡೆದಿದ್ದು ಶಿಖರವನ್ನಲ್ಲ, ಪಾಕಿಸ್ತಾನದವರ ಸಾಮಗ್ರಿ ಶಿಬಿರವನ್ನು. ಬಂಡೆಯ ಹಿಂದೆ ಅಡಗಿದವನನ್ನು ಮೇಲಿನಿಂದ ಹುಡುಕುವುದಕ್ಕಿಂತ ಅವನ ಊಟ, ಮದ್ದುಗುಂಡು ನಿಲ್ಲಿಸುವುದು ಒಳ್ಳೇದು. ಇನ್ನು ಥಿಯೇಟರ್ ಕಮಾಂಡ್ (ಒಂದು ಪ್ರದೇಶದ ಮೂರೂ ಪಡೆಗಳಿಗೆ ಒಬ್ಬನೇ ಕಮಾಂಡರ್) ವಿಷಯಕ್ಕೆ ಬಂದರೆ...

ಕಾಲಾಳು
ದಯವಿಟ್ಟು ಬೇಡ! ಅದು ಶುರುವಾದರೆ ಈ ಚರ್ಚೆ ಮುಗಿಯಿತು ಅಂತಲೇ ಲೆಕ್ಕ. ಅದಕ್ಕೆ ಬೇರೆ ಎಳೆ ತೆರೆಯಿರಿ, ನಾನೂ ಬಂದು ಕಿತ್ತಾಡುತ್ತೇನೆ.

ಕಾರ್ಗಿಲ್ ಮಾತಿಗೆ ಮಾತ್ರ ಪೂರ್ತಿ ಒಪ್ಪಿಗೆ. ಮೇಲೆ ಹತ್ತುವವನಿಗೆ ಎದುರಿನ ಬಂಕರ್ ಒಡೆದ ಫೋಟೋ ಬೇಡ. ಅಲ್ಲಿಂದ ಬರುವ ಗುಂಡು ಕಡಿಮೆಯಾದರೆ ಸಾಕು.

ಇತಿಹಾಸದ_ಹುಳು
ಕೊಸೊವೊ ಒಂದನ್ನು ಹೇಳಿ ಸುಮ್ಮನಾಗುತ್ತೇನೆ. 1999ರ ಮಾರ್ಚ್ 24ರಿಂದ 78 ದಿನ ಸರ್ಬಿಯನ್ನರ ಮೇಲೆ ನೇಟೋ ವಾಯುದಾಳಿ. ಕೆಲವೇ ದಿನದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದರು. ನೇಟೋ ಕಮಾಂಡರ್ ಕ್ಲಾರ್ಕ್‌ಗೆ ಕೊಸೊವೊದಲ್ಲಿದ್ದ ಸರ್ಬಿಯನ್ ಸೇನೆಯನ್ನು ಹೊಡೆಯಬೇಕು. ವಾಯು ಕಮಾಂಡರ್ ಶಾರ್ಟ್‌ಗೆ ಬೆಲ್‌ಗ್ರೇಡ್‌ನ ಆಯಕಟ್ಟಿನ ಜಾಗಗಳು ಬೇಕು. ಉದ್ದೇಶವೇ ಎರಡಾದಾಗ ಅಳತೆ ಒಂದಾಗುವುದು ಹೇಗೆ? ಯುದ್ಧ ಮುಗಿದ ಮೇಲೆ ನೇಟೋ 93 ಟ್ಯಾಂಕ್ ಹೊಡೆದೆವು ಅಂದಿತು. ನೆಲದ ಮೇಲೆ ಹೋಗಿ ಹುಡುಕಿದ ತಂಡಕ್ಕೆ ಸಿಕ್ಕಿದ್ದು 14 ಅಂತ ಆಮೇಲೆ ಪತ್ರಿಕೆಯಲ್ಲಿ ಬಂತು. ಮರದ ನಕಲಿ ಟ್ಯಾಂಕ್‌ಗಳ ಮೇಲೂ ಬಾಂಬ್ ಬಿದ್ದಿತ್ತು. ಆ ಜಗಳ ವರ್ಷಗಟ್ಟಲೆ ನಡೆಯಿತು. ಅಷ್ಟರಲ್ಲಿ ಸರ್ಬಿಯನ್ ಸೇನೆ ಕೊಸೊವೊ ಬಿಟ್ಟು ಯಾವತ್ತೋ ಹೊರಟುಹೋಗಿತ್ತು.

ಚೀನಾದ ರಾಯಭಾರ ಕಚೇರಿಗೆ ಮೇ 7ರಂದು ಬಾಂಬ್ ಬಿದ್ದಿದ್ದೂ ಅದೇ ಯುದ್ಧದಲ್ಲಿ. ಬಾಂಬ್‌ಗಳು ಕೊಟ್ಟ ಜಾಗಕ್ಕೇ ಸರಿಯಾಗಿ ಬಿದ್ದವು. ಕೊಟ್ಟ ಜಾಗವೇ ತಪ್ಪು.

ಕಡತಪ್ರಿಯ
ಎಲ್ಲರಿಗೂ ಧನ್ಯವಾದ, ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಮೇಷ್ಟ್ರೇ, ಒಂದು ಗುರಿ ಇಟ್ಟುಕೊಂಡು ಮಾಡಿ ತೋರಿಸುತ್ತೀರಾ? ಯೋಜನೆಯ ಹಾಳೆಯಲ್ಲಿ ಅಳತೆ ಹೇಗೆ ಬರೆಯಬೇಕು?

ಲೆಕ್ಕದ_ಮೇಷ್ಟ್ರು
ಸೇತುವೆ ತಗೊಳ್ಳೋಣ. ಉತ್ತರ ವಿಯೆಟ್ನಾಂನ ಥಾನ್ ಹೋವಾ ಸೇತುವೆ ಎಲ್ಲರಿಗೂ ಗೊತ್ತು. ಅಮೆರಿಕದವರು 1965ರ ಏಪ್ರಿಲ್‌ನಿಂದ ಹೊಡೆದರು, ನಿಂತೇ ಇತ್ತು. 1972ರ ಮೇ 13ರಂದು ಲೇಸರ್ ಬಾಂಬ್‌ಗೆ ಬಿತ್ತು.

ಹಾಳೆಯಲ್ಲಿ ಸೇತುವೆ ಕೆಡವುವುದು ಅಂತ ಬರೆದರೆ ಒಂದು ಫೋಟೋದಲ್ಲಿ ಅಳತೆ ಮುಗಿಯಿತು. ನಾನಾದರೆ ಹೀಗೆ ಬರೆಯುತ್ತೇನೆ: ನೆಲದ ಪಡೆ ದಾಳಿ ಮಾಡುವ ದಿನದಿಂದ ಹತ್ತು ದಿನ, ಈ ನದಿ ದಾಟಿ ದಕ್ಷಿಣಕ್ಕೆ ಹೋಗುವ ಸಾಮಾನು ಅರ್ಧಕ್ಕಿಂತ ಕಡಿಮೆ ಇರಬೇಕು. ಈಗ ಕೆಲಸ ಬದಲಾಯಿತು. ಮೊದಲು ಈಗ ಎಷ್ಟು ಹೋಗುತ್ತಿದೆ ಅಂತ ಗೊತ್ತಿರಬೇಕು, ಅದನ್ನು ದಾಳಿಗೆ ಮೊದಲೇ ಎಣಿಸಬೇಕು. ಪಕ್ಕದಲ್ಲಿ ದೋಣಿ, ತೇಲುಸೇತುವೆ ಬರುತ್ತವೆ, ಅವನ್ನೂ ನೋಡಬೇಕು. ಅದಕ್ಕೆ ವೀಕ್ಷಣಾ ವಿಮಾನವನ್ನು ಬಾಂಬರ್ ಜೊತೆಗೆ ಅದೇ ಆದೇಶದಲ್ಲಿ ಕೇಳಿಟ್ಟುಕೊಳ್ಳಬೇಕು. ಆಮೇಲೆ ಕೇಳಿದರೆ ಸಿಗುವುದಿಲ್ಲ, ಅವೂ ಲೆಕ್ಕಕ್ಕೆ ತಕ್ಕಷ್ಟೇ ಇರುತ್ತವೆ. ನದಿಯಾಚೆ ಇರುವ ಎದುರಾಳಿಯ ಫಿರಂಗಿ ದಿನಕ್ಕೆ ಎಷ್ಟು ಗುಂಡು ಹಾರಿಸುತ್ತಿದೆ ಅಂತ ಕಾಲಾಳು ಅವರ ಪಡೆ ವರದಿ ಕೊಡಬೇಕು. ಆಕಾಶದಿಂದ ಕಾಣದ ಸಂಗತಿ ಅವರಿಗೆ ಕಿವಿಯಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಸಾಲು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಮೂರನೇ ದಿನಕ್ಕೂ ಸಾಮಾನು ಇಳಿಯದಿದ್ದರೆ ಏನು? ಮತ್ತೆ ಅದೇ ಸೇತುವೆಗಾ, ದೋಣಿಗಳಿಗಾ, ಅಥವಾ ಬಿಟ್ಟು ಬೇರೆ ಗುರಿಗಾ? ಅದನ್ನು ಯಾರು ನಿರ್ಧರಿಸುತ್ತಾರೆ ಅಂತ ಅಲ್ಲೇ ಬರೆಯಬೇಕು.

ಕಾಲಾಳು
ಫಿರಂಗಿ ಎಣಿಸಿ ಕಳಿಸುತ್ತೇವೆ, ಅದೇನೂ ಕಷ್ಟವಲ್ಲ. ಆ ವರದಿ ನಿಮ್ಮ ಮೇಜಿಗೆ 72 ಗಂಟೆಯೊಳಗೆ ತಲುಪುತ್ತದಾ ಅಂತ ರೇಡಿಯೋ ರೂಮಿನವರೇ ಹೇಳಬೇಕು.

ರೇಡಿಯೋ_ರೂಮು
ನಿಮ್ಮ ಪಡೆಯ ಸಂಪರ್ಕಾಧಿಕಾರಿ ವಾಯು ಕೇಂದ್ರದಲ್ಲಿ ಕೂತಿದ್ದರೆ ಅದೇ ದಿನ ತಲುಪುತ್ತದೆ. ನಿಮ್ಮ ಕಮಾಂಡರ್ ಆ ಜಾಗಕ್ಕೆ ಬುದ್ಧಿವಂತನನ್ನು ಬಿಟ್ಟುಕೊಡಬೇಕು ಅಷ್ಟೇ. ಸಾಮಾನ್ಯವಾಗಿ ಯಾರು ಇಲ್ಲದಿದ್ದರೂ ನಡೆಯುತ್ತದೋ ಅವನನ್ನೇ ಕಳಿಸುತ್ತಾರೆ.